ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಯಾವುದು ಯಾರ ಕಾಲದ್ದು?

ಪ್ರಶ್ನೆ (ಕುಮಟಾ):
ಪಿಯುಸಿ ಓದುತ್ತಿರುವ ಮಗಳನ್ನು ಕರೆದುಕೊಂಡು ಬನವಾಸಿಗೆ ಹೋಗಬೇಕೆಂದಿದ್ದೇನೆ. ಮಧುಕೇಶ್ವರ ದೇವಸ್ಥಾನ ಕದಂಬರದ್ದೆಂದು ಎಲ್ಲರೂ ಹೇಳುತ್ತಾರಾದರೂ, ಚಾಲುಕ್ಯರೂ ಅವರಿಗಿಂತ ಬಹಳ ಈಚೆಗೆ ಶಿರಸಿ ಬಳಿಯ ಸೋದೆಯಿಂದ ಆಳಿದ ಅರಸರೂ ಅಲ್ಲಿ ಕೆಲಸ ಮಾಡಿಸಿದ್ದಾರೆಂದು ಕೇಳಿದ್ದೇನೆ. ಒಂದೇ ಪ್ರಾಕಾರದೊಳಗೆ ಆಯಾ ಕಾಲವನ್ನು ಗುರುತಿಸುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿರಸಿ):
ದೇವರಿಗೆ ಕೈಮುಗಿದ ಮೇಲೆ ಮೊದಲು ಆವರಣದಲ್ಲಿರುವ ನಾಗಶಿಲ್ಪವನ್ನು ನೋಡಿ. ಬಂದವರಲ್ಲಿ ಹೆಚ್ಚಿನವರು ಐದು ಹೆಡೆಯ ಆ ನಾಗನಿಗೆ ನಮಸ್ಕರಿಸಿ ಮುಂದೆ ಹೋಗಿಬಿಡುತ್ತಾರೆ. ಫಲಕದ ಅಂಚುಗಳಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿರುವುದು ಅವರ ಗಮನಕ್ಕೇ ಬರುವುದಿಲ್ಲ. ಕದಂಬರಿಗಿಂತ ಮೊದಲು ಬನವಾಸಿಯನ್ನು ಆಳಿದ ಚುಟು ವಂಶದ ಶಾತಕರ್ಣಿಯ ಮಗಳು ಶಿವಸ್ಕಂದನಾಗಶ್ರೀ ಈ ನಾಗನನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ದಾನವಾಗಿ ಮಾಡಿಸಿದಳೆಂದು ಅದು ಹೇಳುತ್ತದೆ. ಕಡೆದವನು ನಟಕನೆಂಬ ಶಿಲ್ಪಿ. ಹೆಸರಿನಲ್ಲೇ ಶಿವನೂ ಸ್ಕಂದನೂ ನಾಗನೂ ಇರುವ ಅರಸುಮಗಳು ಬೌದ್ಧ ಭಿಕ್ಷುಗಳ ವಾಸಸ್ಥಾನವಾದ ವಿಹಾರವನ್ನೂ ಕಟ್ಟಿಸಿದಳೆಂಬುದನ್ನು ಮಗಳಿಗೆ ತಪ್ಪದೆ ಹೇಳಿ. ಇದು ಕದಂಬ ವಂಶವನ್ನು ಸ್ಥಾಪಿಸಿದ ನಾಲ್ಕನೆಯ ಶತಮಾನದ ಮಯೂರಶರ್ಮನಿಗಿಂತ ಹಿಂದಿನದು. ಅಂದರೆ ಕದಂಬರು ರಾಜಧಾನಿ ಮಾಡಿಕೊಂಡಾಗಲೇ ಬನವಾಸಿ ಹಳೆಯ ಊರಾಗಿತ್ತು. ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಅಮೂಲ್ಯವಾದ ಕಲ್ಲು ಇನ್ನೊಂದಿಲ್ಲ.

ಉತ್ತರ (ಸಿದ್ದಾಪುರ):
ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ದೇವಸ್ಥಾನವನ್ನು ಒಳಗಿನಿಂದ ಹೊರಕ್ಕೆ ನೋಡುತ್ತ ಬಂದರೆ ಕಾಲದ ಅಂತರ ತಾನಾಗಿ ತಿಳಿಯುತ್ತದೆ. ಗರ್ಭಗುಡಿಯ ಭಾಗ ಅಲಂಕಾರವಿಲ್ಲದೆ ಸರಳವಾಗಿದೆ. ದೊಡ್ಡ ನಂದಿಯಿರುವ ಮಂಟಪಕ್ಕೆ ಬಂದಾಗ, ತಿರುಗಣಿಯಲ್ಲಿ ಕಡೆದು ಮುಖ ಕಾಣುವಷ್ಟು ನುಣುಪುಗೊಳಿಸಿದ ಕಂಬಗಳು ಎದುರಾಗುತ್ತವೆ. ಈ ಕೈಚಳಕ ಕಲ್ಯಾಣ ಚಾಲುಕ್ಯರ ಕಾಲದ್ದು. ಕುಸುರಿ ಕೆಲಸದ ಕಲ್ಲುಮಂಚ ಸೋದೆ ಅರಸರ ಕೊಡುಗೆ. ಹಿಂದಿನವರು ಕಟ್ಟಿದ್ದನ್ನು ಕೆಡವದೆ ಅದಕ್ಕೆ ತಮ್ಮದನ್ನು ಸೇರಿಸುತ್ತ ಹೋದದ್ದರಿಂದಲೇ ಇವೆಲ್ಲ ನಮಗೆ ಒಂದೇ ಕಡೆ ನೋಡಲು ಸಿಗುತ್ತಿವೆ.

ಉತ್ತರ (ಕಾರವಾರ):
ಸಮಯವಿದ್ದರೆ ಶಿಕಾರಿಪುರ ತಾಲೂಕಿನ ತಾಳಗುಂದಕ್ಕೂ ಹೋಗಿ ಬನ್ನಿ. ಮಯೂರಶರ್ಮನು ಕಂಚಿಯಲ್ಲಿ ಅವಮಾನಿತನಾಗಿ ಶಸ್ತ್ರ ಹಿಡಿದ ಕಥೆಯನ್ನು ಹೇಳುವ ಸಂಸ್ಕೃತ ಸ್ತಂಭಶಾಸನ ಅಲ್ಲಿನ ಪ್ರಣವೇಶ್ವರ ಗುಡಿಯ ಎದುರಿಗೇ ಇದೆ. ಆ ಗುಡಿಯಲ್ಲಿ ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದೂ ಅದರಲ್ಲಿ ಬರೆದಿರುವುದರಿಂದ, ಬನವಾಸಿಯ ನಾಗಶಿಲ್ಪವನ್ನು ನೋಡಿಕೊಂಡೇ ಅಲ್ಲಿಗೆ ಹೋಗುವುದು ಒಳ್ಳೆಯದು.