ಹೋಟೆಲ್ ಬೋರ್ಡಿಗೆ ಹಳೇ ಕಾಲದ ದಪ್ಪ ಅಕ್ಷರ ಬೇಕು, ಯಾವ ಫಾಂಟ್ ಹಾಕಿಸಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಚಿಕ್ಕದೊಂದು ತಿಂಡಿ ಹೋಟೆಲ್ ಶುರು ಮಾಡುತ್ತಿದ್ದೇವೆ. ಬೋರ್ಡು, ಮೆನು, ಪಾರ್ಸೆಲ್ ಕವರ್ ಎಲ್ಲದಕ್ಕೂ 70ರ ದಶಕದ ಲುಕ್ ಬೇಕು ಅಂತ ಆಸೆ. ಇಂಗ್ಲಿಷಿನಲ್ಲಿ ಕೂಪರ್ ಬ್ಲ್ಯಾಕ್ ಅನ್ನೋ ದಪ್ಪ, ಗುಂಡು ಅಕ್ಷರದ ಫಾಂಟ್ ತುಂಬಾ ಹಿಡಿಸಿತು. ಅದೇ ಥರದ್ದು ಕನ್ನಡದಲ್ಲಿ ಯಾವುದಿದೆ ಮೇಡಂ? ನಮ್ಮ ಹೆಸರಿನಲ್ಲಿ 'ಧನ' ಇದೆ, 'ಲಕ್ಷ್ಮಿ'ಯೂ ಇದೆ. ಪಕ್ಕದ ಡಿಟಿಪಿ ಅಂಗಡಿಯವರು ಇರುವ ಫಾಂಟಿಗೇ ಔಟ್‌ಲೈನ್ ಕೊಟ್ಟು ದಪ್ಪ ಮಾಡಿಕೊಡ್ತೀನಿ ಅಂತಾರೆ. ಅಷ್ಟು ಸಾಕಾ?

ಉತ್ತರ: ಸಾಲದು. ನಿಮ್ಮ ಹೆಸರಿಗಂತೂ ಖಂಡಿತ ಬೇಡ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಔಟ್‌ಲೈನ್ ಹೊರಗೆ ಹರಡಿದಷ್ಟೇ ಒಳಗೂ ಹರಡುತ್ತದೆ, ಆ ಸೀಳು ಮುಚ್ಚಿಹೋಗುತ್ತದೆ, ರಸ್ತೆ ಆಚೆ ನಿಂತು ಓದಿದವರಿಗೆ ನಿಮ್ಮ 'ಧನ' ಹೋಗಿ 'ದನ' ಆಗಿರುತ್ತದೆ. 'ಕ್ಷ್ಮಿ'ಯ ಕಷ್ಟ ಬೇರೆ. ಒಂದು ಅಕ್ಷರಕ್ಕೆ ಷ, ಮ ಎರಡು ಒತ್ತು, ಮೇಲೆ ಗುಡಿಸು. ಬರೀ ಔಟ್‌ಲೈನ್‌ನಿಂದ ದಪ್ಪ ಮಾಡಿದರೆ ಎರಡು ಒತ್ತೂ ಅಂಟಿಕೊಂಡು ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಅಕ್ಷರದ ಸುತ್ತ ಬಾರ್ಡರ್ ಬೇಕೇ ಬೇಕು ಅಂದರೆ ಡಿಟಿಪಿಯವರು ಬಳಸುವ ಕೋರೆಲ್ ಡ್ರಾ ಸಾಫ್ಟ್‌ವೇರ್‌ನಲ್ಲಿ ಬಿಹೈಂಡ್ ಫಿಲ್ ಆಯ್ಕೆ ಒತ್ತಲು ಹೇಳಿ. ಬಾರ್ಡರ್ ಹಿಂದೆ ಹೋಗುತ್ತದೆ, ಅಕ್ಷರದ ಗೆರೆಯನ್ನು ತಿನ್ನುವುದಿಲ್ಲ.

ಇನ್ನು ಕೂಪರ್ ಬ್ಲ್ಯಾಕ್. ಅದು ಹುಟ್ಟಿದ್ದು 70ರಲ್ಲಲ್ಲ. ಷಿಕಾಗೋದ ಆಸ್ವಾಲ್ಡ್ ಕೂಪರ್ ಬರೆದದ್ದು, 1922ರಲ್ಲಿ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಅನ್ನೋ ಅಚ್ಚಿನ ಮೊಳೆ ಕಂಪನಿ ಹೊರತಂದದ್ದು, 60-70ರ ದಶಕದಲ್ಲಿ ಮತ್ತೆ ಫ್ಯಾಷನ್ ಆಯಿತು, ಅದೂ ಅಮೆರಿಕದಲ್ಲಿ. ನಮ್ಮೂರ ಹಳೇ ಹೋಟೆಲ್ ಬೋರ್ಡುಗಳಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಮ್ಮಲ್ಲಿ ಪೇಂಟರ್‌ಗಳು ಚಪ್ಪಟೆ ಬ್ರಷ್ಷು, ಎನಾಮೆಲ್ ಬಣ್ಣ ಹಿಡಿದು ಬರೆಯುತ್ತಿದ್ದರು. ತಲೆಕಟ್ಟು ಬ್ರಷ್ಷಿನ ಒಂದೇ ಎಳೆತದಲ್ಲಿ ಮುಗಿದಿರುತ್ತದೆ, ಇಳಿಯುವ ಕಡೆ ದಪ್ಪ, ತಿರುಗುವ ಕಡೆ ಸಪೂರ, ಒಂದು ಪಕ್ಕಕ್ಕೆ ಬೇರೆ ಬಣ್ಣದ ನೆರಳು. ನಿಮ್ಮ ತಲೆಯಲ್ಲಿರುವ ಆ ಹಳೇ ಲುಕ್ ಇದೇ ಅನ್ಸುತ್ತೆ, ಅಲ್ವಾ? ಹಾಗಿದ್ದರೆ 'ಕನ್ನಡದ ಕೂಪರ್ ಬ್ಲ್ಯಾಕ್' ಹುಡುಕುವುದನ್ನು ಬಿಡಿ. ಬೋರ್ಡಿನ ಹೆಸರನ್ನು ಕೈಯಲ್ಲಿ ಬರೆಸಿ. ಹೆಸರು ಅಂದರೆ ಏಳೆಂಟು ಅಕ್ಷರ, ಅಷ್ಟಕ್ಕೆ ಒಂದು ಫಾಂಟ್ ಬೇಕಾಗುವುದೇ ಇಲ್ಲ. ಒಳ್ಳೆ ಪೇಂಟರ್ ಸಿಕ್ಕರೆ ಹಾಳೆ ಮೇಲೆ ಬರೆಸಿ ಸ್ಕ್ಯಾನ್ ಮಾಡಿ ಟ್ರೇಸ್ ಮಾಡಿಸಿದರೆ ಅದೇ ನಿಮ್ಮ ಲೋಗೋ.

ಫಾಂಟೇ ಬೇಕು ಅಂದರೆ ಎರಡು ನೋಡಿ. ಬಾಲೂ ತಮ್ಮ 2, ಮುಂಬೈನ ಏಕ್ ಟೈಪ್‌ನವರದ್ದು, ಗುಂಡಗೆ, ಮೆದುವಾಗಿದೆ, 400ರಿಂದ 800ರವರೆಗೆ ದಪ್ಪ ಸಿಗುತ್ತದೆ. ಇನ್ನೊಂದು ಅಕಾಯ ಕನಡಕ, ಒಂದೇ ದಪ್ಪ, ಆದರೆ ಗುಣ ಜಾಸ್ತಿ. ನನಗೆ ಕೇಳಿದರೆ ಬೋರ್ಡಿಗೆ ಬಾಲೂ, ಕವರ್ ಮೇಲಿನ ಒಂದೆರಡು ಪದಕ್ಕೆ ಅಕಾಯ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಓಪನ್ ಫಾಂಟ್ ಲೈಸೆನ್ಸ್ ಅಡಿ ಸಿಗುತ್ತವೆ, ವ್ಯಾಪಾರಕ್ಕೂ ದುಡ್ಡು ಕೊಡಬೇಕಿಲ್ಲ. ಎಲ್ಲೆಲ್ಲೋ ಪುಕ್ಕಟೆ ಸಿಗುವ ರೆಟ್ರೋ ಫಾಂಟುಗಳಲ್ಲಿ 'ಸ್ವಂತ ಬಳಕೆಗೆ ಮಾತ್ರ' ಅಂತ ಸಣ್ಣಗೆ ಬರೆದಿರುತ್ತದೆ, ಹೋಟೆಲ್ ಬೋರ್ಡು ಸ್ವಂತ ಬಳಕೆ ಅಲ್ಲ. ಮಾದರಿ ಚಿತ್ರ ನೋಡಿ ಮರುಳಾಗಬೇಡಿ, ನಿಮ್ಮ ಹೆಸರನ್ನೇ ಟೈಪ್ ಮಾಡಿ ನೋಡಿ.

ಮೆನುವಿಗೆ ಮಾತ್ರ ಈ ದಪ್ಪ ಅಕ್ಷರ ಬೇಡ. ಅಲ್ಲಿ ಅನೇಕ್ ಕನ್ನಡ ಥರದ ಸರಳ ಫಾಂಟ್ ಹಾಕಿ. ಎಲ್ಲವೂ ಕೂಗಿದರೆ ಯಾವುದೂ ಕೇಳಿಸಲ್ಲ.

ಇನ್ನೊಬ್ಬ ಸದಸ್ಯರು: ಮೇಡಂ, ನಾನೂ ಡಿಟಿಪಿ ಮಾಡೋನೇ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ ಟೈಪ್ ಮಾಡಿ ಫಾಂಟನ್ನು ಬಾಲೂಗೆ ಬದಲಾಯಿಸಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ. ಫೋಟೋಶಾಪ್‌ನಲ್ಲಿ ಒತ್ತು ಕೆಳಗೆ ಬರದೆ ಪಕ್ಕದಲ್ಲಿ ನಿಲ್ಲುತ್ತೆ. ಹಂಗಾಗಿ ನಾವು ಹಳೇ ಫಾಂಟು ಬಿಡಲ್ಲ.

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ ಅಣ್ಣ. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದೆ, ಫಾಂಟ್ ಬದಲಾದರೆ ಒಳಗಿನ ಇಂಗ್ಲಿಷ್ ಹೊರಗೆ ಬೀಳುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಉಳಿಸುವ ವಿಧಾನ, ಅದರಲ್ಲಿ ಟೈಪ್ ಮಾಡಿ. ನಿಮ್ಮ ಫೋಟೋಶಾಪ್ ವರ್ಷನ್‌ನಲ್ಲಿ ಆ ಆಯ್ಕೆ ಇದ್ದರೆ ಟೈಪ್ ಸೆಟ್ಟಿಂಗ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇನ್ನೂ ಹಳೇ ವರ್ಷನ್‌ನಲ್ಲಿ ಅದಕ್ಕೆ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ ಹೆಸರು. ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಪ್ರಿಂಟಿಗೆ ಕೊಡುವ ಮುಂಚೆ ಕರ್ವ್ಸ್ ಮಾಡುವುದು, ಅಂದರೆ ಅಕ್ಷರವನ್ನು ಬರೀ ಚಿತ್ರದ ಗೆರೆಯಾಗಿ ಬದಲಾಯಿಸುವುದು, ನಿಮಗೆ ಗೊತ್ತೇ ಇದೆ, ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ. ಆದರೆ ವೇರಿಯಬಲ್ ಫಾಂಟ್, ಅಂದರೆ ಒಂದೇ ಫೈಲಿನಲ್ಲಿ ಎಲ್ಲ ದಪ್ಪವೂ ಇರುವಂಥದ್ದು, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅದರಲ್ಲಿ ಒಂದೇ ಅಕ್ಷರದ ಭಾಗಗಳು ಒಂದರ ಮೇಲೊಂದು ಬಂದಿರಬಹುದು. ಸ್ಕ್ರೀನ್ ಮೇಲೆ ಕಾಣಿಸಲ್ಲ, ವೈನಿಲ್ ಕಟ್ಟರ್‌ಗೆ ಕೊಟ್ಟರೆ ಆ ಒಳಗೆರೆಗಳ ಮೇಲೂ ಬ್ಲೇಡ್ ಓಡಿ ಸ್ಟಿಕ್ಕರ್ ಚೂರು ಚೂರು. ಆ ಭಾಗಗಳನ್ನು ಒಂದೇ ಆಕಾರವಾಗಿ ಬೆಸೆಯುವ ವೆಲ್ಡ್ ಆಯ್ಕೆ ಒತ್ತಿಯೇ ಕಳಿಸಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಕೂಪರ್ ಬ್ಲ್ಯಾಕ್ ಇಂಗ್ಲಿಷಿಗಾದರೂ ಇಟ್ಟುಕೊಳ್ಳಲಾ? ಅಕ್ಷರ ಎಷ್ಟು ಎತ್ತರ ಇರಬೇಕು?

ಉತ್ತರ: ಇಟ್ಟುಕೊಳ್ಳಬಹುದು, ಲೈಸೆನ್ಸ್ ತಗೊಂಡು. ಆದರೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಂದರೆ ಇಂಗ್ಲಿಷ್ ಕೆಳಗೆ, ಚಿಕ್ಕದಾಗಿ. ಅಲ್ಲಿ ಕೂಪರ್‌ನಂಥ ಗುಂಡು ಅಕ್ಷರ ಕನ್ನಡದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಬಾಲೂ ಒಳಗೇ ಇಂಗ್ಲಿಷ್ ಅಕ್ಷರಗಳಿವೆ, ಸುಮ್ನೆ ಅದನ್ನೇ ಹಾಕಿ.

ಎತ್ತರಕ್ಕೆ ಬೋರ್ಡಿನವರ ಲೆಕ್ಕ ಒಂದಿದೆ: ಒಂದು ಇಂಚು ಅಕ್ಷರಕ್ಕೆ ಸುಮಾರು 10 ಅಡಿ ದೂರ. 40 ಅಡಿ ರಸ್ತೆಯ ಆಚೆಯಿಂದ ಕಾಣಬೇಕಾದರೆ ಕನಿಷ್ಠ 4 ಇಂಚು. ಇದು ಒತ್ತು ಬಿಟ್ಟು. ಬೋರ್ಡು ಎರಡಡಿ ಎತ್ತರ ಇದೆ ಅಂತ ಅಕ್ಷರವನ್ನೂ ಎರಡಡಿ ಮಾಡಲಾಗದು, ಗುಡಿಸಿಗೂ ಒತ್ತಿಗೂ ಜಾಗ ಬಿಡಿ. ಎಸಿಪಿ (ಬೋರ್ಡಿಗೆ ಹಾಕುವ ಅಲ್ಯೂಮಿನಿಯಂ ಶೀಟು) ಮೇಲೆ ಅಕ್ರಿಲಿಕ್ ಅಕ್ಷರ ಕೂರಿಸುವುದಾದರೆ ಒತ್ತು ಬೇರೆ ತುಂಡಾಗಿ ಬಂದರೆ ಮೊದಲು ಉದುರುವುದೇ ಅದು. ಮೇಲಿನ ಅಕ್ಷರಕ್ಕೆ ಕೂಡಿಸಿ ಒಂದೇ ತುಂಡಾಗಿ ಕತ್ತರಿಸಲು ಹೇಳಿ.

ಮೊದಲು ಕೇಳಿದವರು: ಕೊನೇ ಪ್ರಶ್ನೆ. ಬ್ರೌನ್ ಪೇಪರ್ ಕವರ್ ಮೇಲೆ ಒಂದೇ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸ್ತೀವಿ. ಬೋರ್ಡಿನ ಡಿಸೈನೇ ನಡೆಯುತ್ತಾ?

ಉತ್ತರ: ಹಾಗೇ ಇಳಿಸಬೇಡಿ. ಆ ಕಾಗದ ಇಂಕ್ ಹೀರುತ್ತದೆ, ಅಕ್ಷರ ಇನ್ನೊಂದಿಷ್ಟು ಊದಿಕೊಳ್ಳುತ್ತದೆ. ಬೋರ್ಡಿಗೆ 800 ಇಟ್ಟಿದ್ದರೆ ಕವರಿಗೆ 700 ಅಥವಾ 600 ಸಾಕು. ನೆರಳು ತೆಗೆಯಿರಿ, ಒಂದೇ ಬಣ್ಣದಲ್ಲಿ ಅದು ಅಕ್ಷರಕ್ಕೇ ಅಂಟಿಕೊಳ್ಳುತ್ತದೆ. ಪೂರ್ತಿ ಲಾಟ್ ಹೊಡೆಸುವ ಮುಂಚೆ ಅದೇ ಕಾಗದದ ಮೇಲೆ ಒಂದು ಸ್ಯಾಂಪಲ್ ತೆಗೆಸಿ, ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.