ಮಳೆ ಏಜೆಂಟ್ ಸುಮ್ಮನಿತ್ತು, ಸಿಸ್ಟಮ್ "ಮಳೆ ಇಲ್ಲ" ಅಂದುಕೊಂಡಿತು: ಏಜೆಂಟ್‌ಗಳ ಮಾತುಕತೆಯನ್ನು ಹೇಗೆ ಮಾಡೆಲ್ ಮಾಡುತ್ತೀರಿ?

ತೋಟದಮನೆ:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ಬೇಸರ ಮಾಡ್ಕೋಬೇಡಿ.

ನನ್ನ ಊರು ಶಿರಸಿ ಹತ್ತಿರ, ಕೆಲಸ ಬೆಂಗಳೂರಲ್ಲಿ. ನಮ್ಮ ಕಡೆಯ 60 ಅಡಿಕೆ ಬೆಳೆಗಾರರಿಗೆ ಅಂತ ಶನಿವಾರ ಭಾನುವಾರ ಕೂತು ಒಂದು ಸಣ್ಣ ಸಲಹಾ ವ್ಯವಸ್ಥೆ ಕಟ್ಟಿದ್ದೇನೆ. ದುಡ್ಡಿನ ವಿಚಾರ ಇಲ್ಲ, ಹುಚ್ಚು ಅಷ್ಟೇ. ಒಳಗೆ ನಾಲ್ಕು ಏಜೆಂಟ್‌ಗಳಿವೆ, ಅಂದರೆ ತಂತಮ್ಮ ಕೆಲಸ ತಾವೇ ಮಾಡಿಕೊಂಡು ಒಬ್ಬರಿಗೊಬ್ಬರು ಮೆಸೇಜ್ ಕಳಿಸುವ ಸಣ್ಣ ಪ್ರೋಗ್ರಾಂಗಳು. ಒಂದು ಮಳೆಯ ಮುನ್ಸೂಚನೆ ತರುತ್ತದೆ. ಇನ್ನೊಂದರಲ್ಲಿ ಕೊಳೆರೋಗದ ಬಗ್ಗೆ ನಾನೇ ಬರೆದ 80 ಚಿಲ್ಲರೆ ರೂಲ್‌ಗಳಿವೆ. ಮೂರನೆಯದು ಪೇಟೆ ಧಾರಣೆ ನೋಡುತ್ತದೆ. ನಾಲ್ಕನೆಯದನ್ನು ನಾನು ಮೇಸ್ತ್ರಿ ಅಂತ ಕರೆಯುತ್ತೇನೆ. ಅದು ಉಳಿದವರನ್ನೆಲ್ಲ ಕೇಳಿಕೊಂಡು ಬೆಳಿಗ್ಗೆ 6ಕ್ಕೆ ಎಲ್ಲರ ಮೊಬೈಲ್‌ಗೂ ಒಂದು ಸಾಲು ಕಳಿಸುತ್ತದೆ.

ಕಳೆದ ಜುಲೈನಲ್ಲಿ ಎಡವಟ್ಟಾಯಿತು. ಒಂದು ದಿನ ಬೆಳಿಗ್ಗೆ "ಇವತ್ತು ಔಷಧ ಹೊಡೆಯಬಹುದು" ಅಂತ ಮೆಸೇಜ್ ಹೋಯಿತು. ನಮ್ಮ ದೊಡ್ಡಪ್ಪ ನಂಬಿದರು. 200 ಲೀಟರಿನ ಎರಡು ಡ್ರಮ್ ಬೋರ್ಡೋ ಕಲೆಸಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಲೆಸಿದ ದಿನವೇ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಕೊನೆಗೌಡ ಮರ ಹತ್ತಿ ಮುಕ್ಕಾಲು ಗಂಟೆ ಆಗಿರಲಿಲ್ಲ, ಮಳೆ ಹುಯ್ಯಿತು. ಹೊಡೆದದ್ದು ತೊಳೆದು ಹೋಯಿತು, ಉಳಿದದ್ದು ಹಾಳಾಯಿತು. ಅವತ್ತಿನ ಕೂಲಿ ಬೇರೆ. ದೊಡ್ಡಪ್ಪ ಬೈಯಲಿಲ್ಲ. "ತಮಾ, ನಿನ್ನ ಕಂಪ್ಯೂಟರಿಗೆ ಕಿಟಕಿ ಇಲ್ಯನಾ?" ಅಂದರು. ಬೈದಿದ್ದರೇ ವಾಸಿಯಿತ್ತು.

ಲಾಗ್, ಅಂದರೆ ಸಿಸ್ಟಮ್ ಮಾಡಿದ್ದೆಲ್ಲ ಬರೆದಿಡುವ ಫೈಲ್, ತೆರೆದು ನೋಡಿದೆ. ಮೇಸ್ತ್ರಿ 5.40ಕ್ಕೆ ಮಳೆ ಏಜೆಂಟನ್ನು ಕೇಳಿದೆ. ಉತ್ತರವೇ ಬಂದಿಲ್ಲ. ಮುನ್ಸೂಚನೆ ಕೊಡುವ ಸರ್ವರ್ ಆ ಹೊತ್ತಲ್ಲಿ ಮಲಗಿತ್ತು. ರೋಗದ ಏಜೆಂಟ್‌ನಲ್ಲಿ ನಾನು ಬರೆದ ರೂಲ್ ಹೀಗಿತ್ತು: "ಮಳೆ ಬರುತ್ತದೆ ಎಂಬ ಸಂಗತಿ ನಮ್ಮಲ್ಲಿ ಇಲ್ಲದಿದ್ದರೆ, ಔಷಧ ಹೊಡೆಯಬಹುದು." ಸಂಗತಿ ಇರಲಿಲ್ಲ. ಹೊಡೀರಿ ಅಂತು.

ಇನ್ನೊಂದು ತಲೆನೋವು ಪದಗಳದ್ದು. ಕೊಳೆ ಅಂದರೂ ಮಹಾಳಿ ಅಂದರೂ ಒಂದೇ ರೋಗ. ಆದರೆ ಒಬ್ಬ ಬೆಳೆಗಾರ "ಮಹಾಳಿ ಬಂದಿದೆ" ಅಂತ ಬರೆದರೆ ನನ್ನ ಏಜೆಂಟ್ ಹೊಸ ಕಾಯಿಲೆ ಅಂದುಕೊಳ್ಳುತ್ತದೆ. "ರಾಶಿ"ಯದಂತೂ ಕೇಳಬೇಡಿ. ರಾಶಿ ಅಂದರೆ ಅಡಿಕೆಯ ಒಂದು ಬಗೆ. ರಾಶಿ ಅಂದರೆ ಗುಡ್ಡೆ. ನಮ್ಮ ಕಡೆ ರಾಶಿ ಅಂದರೆ ಜಾಸ್ತಿ ಅಂತಲೂ ಹೌದು. "ರಾಶಿ ರಾಶಿ ಬಿದ್ದಿದೆ" ಅಂತ ಒಬ್ಬರು ಬರೆದದ್ದಕ್ಕೆ ಧಾರಣೆ ಏಜೆಂಟ್ ದರ ಕುಸಿದಿದೆ ಅಂತ ಎಲ್ಲರಿಗೂ ಸುದ್ದಿ ಹಬ್ಬಿಸಿತು. ಅವರು ಹೇಳಿದ್ದು ಕೊಳೆ ಬಂದು ಉದುರಿದ ಕಾಯಿಯ ವಿಷಯ.

ಈಗ ನನ್ನ ಏಜೆಂಟ್‌ಗಳು ಮನಸ್ಸಿಗೆ ಬಂದ ಹಾಗೆ ಜೇಸನ್ (ಪ್ರೋಗ್ರಾಂಗಳು ಮಾಹಿತಿ ಕಳಿಸುವ ಒಂದು ನಮೂನೆ) ಎಸೆದಾಡುತ್ತವೆ. ಇದಕ್ಕೊಂದು ಸರಿಯಾದ ಕ್ರಮ ಇರಬೇಕಲ್ವಾ?

ಸೆಮಿಕೋಲನ್:

ಟೈಮ್‌ಔಟ್ ಹಾಕಿ (ಇಷ್ಟು ಹೊತ್ತು ಕಾದು ಬಿಟ್ಟುಬಿಡುವುದು), ಮೂರು ಸಲ ರಿಟ್ರೈ ಮಾಡಿ, ಆಗದಿದ್ದರೆ ಎರರ್ ಎಸೆಯಿರಿ. 60 ಜನರ ಸಿಸ್ಟಮ್‌ಗೆ ನಾಲ್ಕು ಏಜೆಂಟ್ ಯಾಕೆ? ಒಂದೇ ಪ್ರೋಗ್ರಾಂನಲ್ಲಿ ನಾಲ್ಕು ಫಂಕ್ಷನ್ ಸಾಕು.

ಹಳೇಜಾವಾ:

ಸೆಮಿಕೋಲನ್ ಹೇಳಿದ್ದು ಅರ್ಧ ಸರಿ. ಟೈಮ್‌ಔಟ್ ಬೇಕು. ಆದರೆ ಟೈಮ್‌ಔಟ್ ಆದ ಮೇಲೆ ಏನು ಅಂತ ತಿಳಿದುಕೊಳ್ಳಬೇಕು? ತೋಟದಮನೆ ಅವರ ಡ್ರಮ್ ಹಾಳಾದದ್ದು ಅಲ್ಲೇ. ರಿಟ್ರೈ 30 ಸಲ ಮಾಡಿದ್ದರೂ ಆ ರೂಲ್ ಕೊನೆಗೆ "ಹೊಡೀರಿ" ಅಂತಲೇ ಹೇಳುತ್ತಿತ್ತು.

ನಾನು 2003ರಲ್ಲಿ ಎಂಟೆಕ್ ಪ್ರಾಜೆಕ್ಟನ್ನು ಜೇಡ್‌ನಲ್ಲಿ ಮಾಡಿದವನು. ಟೆಲಿಕಾಂ ಇಟಾಲಿಯಾದವರು ಜಾವಾದಲ್ಲಿ ಬರೆದ ಏಜೆಂಟ್ ಚೌಕಟ್ಟು ಅದು. ಲ್ಯಾಬ್‌ನಲ್ಲಿ ಮೂರು ಹಳೇ ಪಿಸಿ, ಒಂದು ಹಬ್. ಏಜೆಂಟ್‌ಗಳು ಒಬ್ಬರನ್ನೊಬ್ಬರು ಕೇಳಿ ಪುಸ್ತಕ ಹುಡುಕಬೇಕು. ಡೆಮೋ ದಿನ ಎರಡು ಏಜೆಂಟ್‌ಗಳು "ನಿನ್ನ ಮಾತು ಅರ್ಥವಾಗಲಿಲ್ಲ", "ಅರ್ಥವಾಗಲಿಲ್ಲ ಅಂದಿದ್ದು ಅರ್ಥವಾಗಲಿಲ್ಲ" ಅಂತ ಜಗಳಕ್ಕೆ ಬಿದ್ದು ಲಾಗ್ ಫೈಲ್ ಡಿಸ್ಕ್ ತುಂಬಿಸಿತು. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ, ಸ್ವಲ್ಪ ಸಿಟ್ಟು ಎರಡೂ ಇದೆ.

ಮೊದಲು ಬೇರೆ ಮಾಡಬೇಕಾದ್ದು ಎರಡು: ಮೆಸೇಜ್‌ನಲ್ಲಿ ಏನಿದೆ ಅನ್ನುವುದು ಒಂದು, ಆ ಮೆಸೇಜ್ ಏನು ಮಾಡುತ್ತಿದೆ ಅನ್ನುವುದು ಇನ್ನೊಂದು. "ಮಳೆ ಬರುತ್ತದೆ" ಅನ್ನುವ ಮೂರು ಸೆಕೆಂಡಿನ ಮಾತನ್ನೇ ತಗೊಳ್ಳಿ. ಅದು ಪ್ರಶ್ನೆ ಇರಬಹುದು, ಸುದ್ದಿ ಇರಬಹುದು, ಹೊರಗೆ ಒಣಗಿಸಿದ ಅಡಿಕೆ ಎತ್ತು ಅನ್ನುವ ಅಪ್ಪಣೆಯೂ ಇರಬಹುದು. ಆಕ್ಸ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1950ರ ದಶಕದಲ್ಲೇ ಇದನ್ನು ಹಿಡಿದಿದ್ದರು: ಮಾತಾಡುವುದೂ ಒಂದು ಕೆಲಸ ಮಾಡಿದ ಹಾಗೆ. 1990ರ ದಶಕದ ಶುರುವಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ದುಡ್ಡಲ್ಲಿ ಕೆಕ್ಯೂಎಂಎಲ್ ಅನ್ನುವ ಏಜೆಂಟ್ ಭಾಷೆ ಮಾಡಿದವರು ಇದನ್ನೇ ತಂದು ಕಂಪ್ಯೂಟರಿಗೆ ಹಾಕಿದರು. ಕೇಳು, ಹೇಳು, ಮಾಡಿಕೊಡು, ನನಗೆ ಇಂಥದ್ದು ಬರುತ್ತದೆ ಅಂತ ಸಾರು, ಹೀಗೆ ಹೊರ ಕವರ್ ಮೇಲೆ ಬಗೆ. ಒಳಗೆ ವಿಷಯ. ಕವರ್ ನೋಡಿದರೆ ಸಾಕು, ಒಳಗಿನ ಭಾಷೆ ಗೊತ್ತಿಲ್ಲದ ಮಧ್ಯವರ್ತಿ ಏಜೆಂಟ್ ಕೂಡ ಅದನ್ನು ಸರಿಯಾದ ಕಡೆ ಮುಟ್ಟಿಸಬಹುದು.

ಆ ಪಟ್ಟಿಯಲ್ಲಿ ನನಗೆ ಇಷ್ಟವಾದ ಬಗೆ "ಸಾರಿ", ಇಂಗ್ಲಿಷಿನ ಸಾರಿ (sorry). ನಿಜವಾಗಿಯೂ ಅದೇ ಹೆಸರು. ನೀನು ಕೇಳಿದ್ದು ಅರ್ಥವಾಯಿತು, ಆದರೆ ನನ್ನ ಹತ್ತಿರ ಹೇಳುವಂಥದ್ದೇನೂ ಇಲ್ಲ ಅಂತ ಅದರ ಅರ್ಥ. ನಿಮ್ಮ ಮಳೆ ಏಜೆಂಟ್‌ಗೆ ಬರದೇ ಇದ್ದದ್ದು ಈ ಒಂದು ಮಾತು.

ಆಮೇಲೆ 1996ರಲ್ಲಿ ಏಜೆಂಟ್‌ಗಳಿಗೆ ಸ್ಟ್ಯಾಂಡರ್ಡ್ ಮಾಡುವ ಫಿಪಾ ಅನ್ನುವ ಸಂಸ್ಥೆ ಹುಟ್ಟಿತು. ಅವರ ಭಾಷೆಯಲ್ಲಿ 22 ಬಗೆಗಳಿದ್ದವು. ನಿಮಗೆ 22 ಬೇಡ. ಆರು ಸಾಕು: ಕೇಳು, ಹೇಳು, ಒಪ್ಪಿದೆ, ಆಗಲ್ಲ, ಒಪ್ಪಿದ್ದೆ ಆದರೆ ಕೆಟ್ಟಿತು, ಅರ್ಥವಾಗಲಿಲ್ಲ. "ಆಗಲ್ಲ" ಮತ್ತು "ಕೆಟ್ಟಿತು" ಬೇರೆ ಬೇರೆ ಇರಲಿ. ಮೊದಲನೆಯದಾದರೆ ಮೇಸ್ತ್ರಿ ಬೇರೆಯವರನ್ನು ಹುಡುಕಬೇಕು. ಎರಡನೆಯದಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬಹುದು. "ಅರ್ಥವಾಗಲಿಲ್ಲ"ಕ್ಕೆ ಮಾತ್ರ ಯಾವತ್ತೂ "ಅರ್ಥವಾಗಲಿಲ್ಲ" ಅಂತ ಉತ್ತರ ಕೊಡಬಾರದು. ನನ್ನ ಡಿಸ್ಕ್ ಅದಕ್ಕೆ ಸಾಕ್ಷಿ.

ಒಂದು ಮೆಸೇಜ್ ಹೀಗಿರಲಿ:

ಬಗೆ: ಕೇಳು
ಯಾರಿಂದ: ಮೇಸ್ತ್ರಿ
ಯಾರಿಗೆ: ಮಳೆ
ಮಾತುಕತೆ ನಂಬರ್: 714
ಎಷ್ಟರೊಳಗೆ ಉತ್ತರ: 5.50
ಪದಕೋಶ: ತೋಟ-2
ವಿಷಯ: ಮುಂದಿನ 6 ಗಂಟೆ, ಈ ಊರು, ಮಳೆ?

ಮಾತುಕತೆ ನಂಬರ್ ಬಿಡಬೇಡಿ. ಅದಿಲ್ಲದಿದ್ದರೆ ನಿನ್ನೆಯ ತಡವಾದ ಉತ್ತರ ಇವತ್ತಿನ ಪ್ರಶ್ನೆಗೆ ಬಂದು ಅಂಟಿಕೊಳ್ಳುತ್ತದೆ. ಪದಕೋಶ ಅಂದರೆ ಯಾವ ಪದಕ್ಕೆ ಯಾವ ಅರ್ಥ ಅಂತ ಏಜೆಂಟ್‌ಗಳೆಲ್ಲ ಒಪ್ಪಿಕೊಂಡ ಪಟ್ಟಿ. ನಿಮ್ಮ ಮಹಾಳಿ, ರಾಶಿ ತಲೆನೋವಿಗೆ ಅದೇ ಮದ್ದು.

ಈಗ ನಿಮ್ಮ ರೂಲ್‌ಗೆ ಬರುತ್ತೇನೆ. ಗೊತ್ತಿಲ್ಲದ್ದೆಲ್ಲ ಸುಳ್ಳು ಅಂತ ಹಿಡಿಯುವುದಕ್ಕೆ ಕಂಪ್ಯೂಟರ್ ವಿಜ್ಞಾನಿ ರೇಮಂಡ್ ರೈಟರ್ 1978ರಲ್ಲಿ ಕ್ಲೋಸ್ಡ್ ವರ್ಲ್ಡ್ ಅಂತ ಹೆಸರಿಟ್ಟರು. ಕೆಲವು ಕಡೆ ಅದು ಸರಿ. ಬಸ್ ಸ್ಟ್ಯಾಂಡಿನ ಬೋರ್ಡಲ್ಲಿ 3 ಗಂಟೆಗೆ ಬಸ್ ಬರೆದಿಲ್ಲ ಅಂದರೆ 3 ಗಂಟೆಗೆ ಬಸ್ ಇಲ್ಲ. ಬೋರ್ಡ್ ಪೂರ್ತಿ ಇದೆ ಅಂತ ನಮಗೆ ಭರವಸೆ. ಮಳೆಗೆ ಅಂಥ ಬೋರ್ಡ್ ಯಾರಿಟ್ಟಿದ್ದಾರೆ? ನಿಮಗೆ ಮೂರು ಬಗೆಯ ಉತ್ತರ ಬೇಕು: ಬರುತ್ತದೆ, ಬರುವುದಿಲ್ಲ, ಗೊತ್ತಿಲ್ಲ. ಔಷಧ ಹೊಡೆಯಲು "ಬರುವುದಿಲ್ಲ" ಅಂತ ಯಾರಾದರೂ ಬಾಯಿಬಿಟ್ಟು ಹೇಳಿರಬೇಕು.

ಒಂದು ಎಚ್ಚರಿಕೆ. ಫಿಪಾದ ಹಳೇ ಕಾಗದ ಓದಲು ಹೋದರೆ, ಏಜೆಂಟ್ ಏನಾದರೂ ಹೇಳಬೇಕಾದರೆ ಅದನ್ನು ತಾನು ನಂಬಿರಬೇಕು, ಎದುರಿನವನಿಗೆ ಅದು ಗೊತ್ತಿಲ್ಲ ಅಂತಲೂ ಅಂದುಕೊಂಡಿರಬೇಕು, ಹೀಗೆಲ್ಲ ಉದ್ದುದ್ದ ತರ್ಕ ಸಿಗುತ್ತದೆ. ಇನ್ನೊಬ್ಬರು ಬರೆದ ಏಜೆಂಟ್‌ನ ಹೊಟ್ಟೆಯೊಳಗೆ ಏನು ನಂಬಿಕೆ ಇದೆ ಅಂತ ನೋಡುವವರು ಯಾರು? ಏಜೆಂಟ್ ಸಂಶೋಧಕ ಮುನೀಂದರ್ ಸಿಂಗ್ 1998ರಲ್ಲೇ ಈ ಆಕ್ಷೇಪ ಎತ್ತಿದ್ದರು. ಎಲ್ಲರ ಕಣ್ಣಿಗೆ ಕಾಣುವ ಕೊಟ್ಟ ಮಾತನ್ನೇ ಲೆಕ್ಕಕ್ಕೆ ಹಿಡಿಯೋಣ ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಮಳೆ ಏಜೆಂಟ್ "ಒಪ್ಪಿದೆ, 5.50ಕ್ಕೆ ಕೊಡುತ್ತೇನೆ" ಅಂದರೆ ಅದು ಸಾಲ. ಕೊಟ್ಟಿತಾ ಇಲ್ವಾ ಅಂತ ಲಾಗ್ ನೋಡಿದರೆ ತಿಳಿಯುತ್ತದೆ.

ಸೊಸೈಟಿ_ನಿವೃತ್ತ:

ನಾನು ಕಂಪ್ಯೂಟರ್ ಓದಿದವನಲ್ಲ. ಅಡಿಕೆ ವ್ಯಾಪಾರದ ಒಂದು ಸೊಸೈಟಿಯಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಮಗ ಈ ಚರ್ಚೆ ತೋರಿಸಿದ. ಉತ್ತರ ಬಾರದಿರುವುದರ ಬಗ್ಗೆ ಒಂದು ಮಾತು.

ನಮ್ಮಲ್ಲಿ ಟೆಂಡರ್ ಹೀಗೆ. ಬೆಳೆಗಾರರ ಮಾಲನ್ನು ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಅಂತ ಬೇರೆ ಮಾಡಿ ಲಾಟ್ ನಂಬರ್ ಹಾಕಿ ಇಡುತ್ತೇವೆ. ವ್ಯಾಪಾರಿಗಳು ಬಂದು ನೋಡುತ್ತಾರೆ, ದರ ಬರೆದ ಚೀಟಿ ಹಾಕುತ್ತಾರೆ. ಹೊತ್ತು ಮುಗಿದ ಮೇಲೆ ತೆಗೆದು ನೋಡಿ ಜಾಸ್ತಿ ದರದವರಿಗೆ. ದರ ಸಾಲದು ಅಂದರೆ ಬೆಳೆಗಾರ ಕೊಡುವುದಿಲ್ಲ ಅನ್ನಬಹುದು. ಇಲ್ಲಿ ಒಬ್ಬ ವ್ಯಾಪಾರಿ ಚೀಟಿಯನ್ನೇ ಹಾಕಲಿಲ್ಲ ಅನ್ನಿ. ನಾವು ಅವನ ಮನೆಗೆ ಫೋನ್ ಮಾಡುವುದಿಲ್ಲ. ಅವನಿಗೆ ಬೇಡ ಅಂತಲೇ ಲೆಕ್ಕ. ಅವನಿಗೂ ಅದು ಗೊತ್ತು, ನಮಗೂ ಗೊತ್ತು.

ಆದರೆ ಟೆಂಡರ್ ಗೆದ್ದವನು ಮಾಲು ಎತ್ತಲು ಬಾರದೆ ಸುಮ್ಮನಿದ್ದರೆ? ಆಗ ಫೋನ್ ಮಾಡುತ್ತೇವೆ. ಸುಮ್ಮನಿರುವುದು ಎರಡೂ ಕಡೆ ಒಂದೇ, ಅರ್ಥ ಬೇರೆ.

ಹಳೇಜಾವಾ:

ಸೊಸೈಟಿಯವರೇ, ನಾನು ಅಷ್ಟುದ್ದ ಬರೆದು ಬಿಟ್ಟುಹೋದದ್ದನ್ನು ನೀವು ನಾಲ್ಕು ಸಾಲಲ್ಲಿ ಹೇಳಿದಿರಿ. ನೀವು ವಿವರಿಸಿದ್ದಕ್ಕೆ ನಮ್ಮವರು ಕಾಂಟ್ರಾಕ್ಟ್ ನೆಟ್ ಅಂತಾರೆ. ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ್ದು. ಕೆಲಸ ಸಾರುವುದು, ಚೀಟಿ ಹಾಕುವುದು, ಗೆದ್ದವನಿಗೆ ವಹಿಸುವುದು. ಅಲ್ಲೂ ಗಡುವು ಮುಗಿದ ಮೇಲೆ ಬಾರದವನನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಹಾಗಾಗಿ ನನ್ನ ಮೆಸೇಜ್ ನಮೂನೆಗೆ ಇನ್ನೊಂದು ಸಾಲು ಸೇರಿಸಿ: "ಉತ್ತರ ಬಾರದಿದ್ದರೆ ಅರ್ಥ." ಮಳೆ ಪ್ರಶ್ನೆಗೆ: ಗೊತ್ತಿಲ್ಲ. ಧಾರಣೆಗೆ: ನಿನ್ನೆಯದೇ, ಆದರೆ ನಿನ್ನೆಯದು ಅಂತ ಬರೆದು ಕೊಡು. ಇದು ಯಾವ ಹಳೇ ಸ್ಟ್ಯಾಂಡರ್ಡ್‌ನಿಂದಲೂ ತಂದದ್ದಲ್ಲ, ನಿಮ್ಮ ಟೆಂಡರ್ ಹಾಲ್‌ನಿಂದ ತಂದದ್ದು.

ತೋಟದಮನೆ, ಕೋಡ್ ಬರೆಯುವ ಮುಂಚೆ ಇದನ್ನು ಕಾಗದದ ಮೇಲೆ ಆಡಿ ನೋಡಿ. ಕಾರ್ಲ್ ಆಡಂ ಪೆಟ್ರಿ 1962ರ ಪಿಎಚ್‌ಡಿಯಲ್ಲಿ ಕೊಟ್ಟ ಪೆಟ್ರಿ ನೆಟ್ ಅಂದರೆ ಹೆಚ್ಚು ಕಡಿಮೆ ಚೌಕಾಬಾರ. ದುಂಡನೆಯ ಮನೆಗಳು ಏಜೆಂಟ್ ಇರುವ ಸ್ಥಿತಿ. ನಡುವಿನ ಗೆರೆಗಳು ಮೆಸೇಜ್ ಹೋಗುವುದು, ಬರುವುದು, ಗಡುವು ಮುಗಿಯುವುದು. ಹುಣಸೆ ಬೀಜ ಇಟ್ಟು ನಡೆಸಿ. ಯಾವುದಾದರೂ ಬೀಜ ಒಂದು ಮನೆಯಲ್ಲಿ ಸಿಕ್ಕಿಕೊಂಡು ಮುಂದೆ ಹೋಗಲು ದಾರಿಯೇ ಇಲ್ಲದಿದ್ದರೆ, ಅಲ್ಲಿ ನಿಮ್ಮ ಸಿಸ್ಟಮ್ ಬೆಳಿಗ್ಗೆ 5.40ಕ್ಕೆ ನೇತಾಡುತ್ತದೆ.

ಮೂರನೇಬೆಂಚು:

ಇದೆಲ್ಲ ಇತಿಹಾಸ ಅಲ್ವಾ ಸರ್? ಈಗ ಏಜೆಂಟ್ ಒಳಗೆ ದೊಡ್ಡ ಭಾಷಾ ಮಾಡೆಲ್ ಇರುತ್ತದೆ. ಕನ್ನಡದಲ್ಲೇ ಮಾತಾಡಿಕೊಳ್ಳಲಿ ಬಿಡಿ. ರಾಶಿ ಯಾವ ರಾಶಿ ಅಂತ ಅವೇ ಊಹಿಸುತ್ತವೆ.

ಹಳೇಜಾವಾ:

ಊಹಿಸುತ್ತವೆ, ಅದೇ ಭಯ. ವಿಷಯ ಅರ್ಥ ಮಾಡಿಕೊಳ್ಳಲು ಮಾಡೆಲ್ ಬಳಸಿ, ನಾನೇ ಬಳಸುತ್ತೇನೆ. ಬೆಳೆಗಾರರ "ರಾಶಿ ರಾಶಿ"ಯನ್ನು ಬಿಡಿಸಲು ಅದಕ್ಕಿಂತ ಚಲೋ ಸಾಧನ ಇಲ್ಲ. ಆದರೆ ಕವರ್ ಮೇಲಿನ ಬಗೆಯನ್ನು ಊಹೆಗೆ ಬಿಡಬೇಡಿ. 2025ರ ಏಪ್ರಿಲ್‌ನಲ್ಲಿ ಗೂಗಲ್ ತಂದ ಎಟುಎ ನೋಡಿ, ಏಜೆಂಟ್‌ಗಳು ಒಂದಕ್ಕೊಂದು ಮಾತಾಡುವ ಕ್ರಮ ಅದು. ಏಜೆಂಟ್ ತನಗೆ ಏನು ಬರುತ್ತದೆ ಅಂತ ಒಂದು ಕಾರ್ಡ್‌ನಲ್ಲಿ ಬರೆದಿಡುತ್ತದೆ. ಕೊಟ್ಟ ಕೆಲಸಕ್ಕೆ ನಡೆಯುತ್ತಿದೆ, ಇನ್ನೂ ಮಾಹಿತಿ ಬೇಕು, ಮುಗಿಯಿತು, ಕೆಟ್ಟಿತು, ಒಪ್ಪಲಿಲ್ಲ ಅಂತ ಸ್ಥಿತಿಗಳಿವೆ. ಇತಿಹಾಸ ಅಂದಿರಲ್ಲ, ಅದೇ ಹೊಸ ಅಂಗಿ ಹಾಕಿಕೊಂಡು ಬಂದಿದೆ.

ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ.

ಮೊದಲು ಆ ರೂಲ್ ತಿರುಗಿಸಿದೆ. ಆಮೇಲೆ ಆರು ಬಗೆ, ಗಡುವು, "ಉತ್ತರ ಬಾರದಿದ್ದರೆ ಅರ್ಥ" ಸೇರಿಸಿದೆ. ಹುಣಸೆ ಬೀಜ ಇಟ್ಟು ಅಡುಗೆಮನೆ ಕಟ್ಟೆಯ ಮೇಲೆ ಆಡಿದಾಗ ಒಂದು ಸಿಕ್ಕು ಸಿಕ್ಕಿತು. ರೋಗದ ಏಜೆಂಟ್ ಯಾವ ಊರು ಅಂತ ಮೇಸ್ತ್ರಿಯನ್ನು ಕೇಳಿ ಕಾಯುತ್ತಿತ್ತು, ಮೇಸ್ತ್ರಿ ರೋಗದ ಏಜೆಂಟ್‌ನ ಉತ್ತರಕ್ಕೆ ಕಾಯುತ್ತಿತ್ತು. ಇಬ್ಬರೂ ಸುಮ್ನೆ ಕೂತಿದ್ದರು. ಇದು ಹಿಂದೆಯೂ ಆಗಿದ್ದಿರಬೇಕು. ಕೆಲವು ದಿನ ಮೆಸೇಜೇ ಬರುತ್ತಿರಲಿಲ್ಲ ಅಂತ ಊರಲ್ಲಿ ಹೇಳುತ್ತಿದ್ದರು, ನಾನು ನೆಟ್‌ವರ್ಕ್ ಅಂದುಕೊಂಡಿದ್ದೆ.

ಪದಕೋಶಕ್ಕೆ ಸೊಸೈಟಿಯವರ ಪಟ್ಟಿ ಹಾಕಿದೆ. ಕೊಳೆ, ಮಹಾಳಿ ಈಗ ಒಂದೇ ನಂಬರಿನ ರೋಗ. ಅಡಿಕೆಯ ಬಗೆಗೆ "ಬಗೆ-ರಾಶಿ" ಅಂತ ಹೆಸರು, ಬೇರೆ ರಾಶಿಗಳಿಗೆ ಧಾರಣೆ ಏಜೆಂಟ್ ಹತ್ತಿರ ಪ್ರವೇಶ ಇಲ್ಲ.

ಕಳೆದ ಗುರುವಾರ ಮತ್ತೆ ಮುನ್ಸೂಚನೆ ಸರ್ವರ್ ಮಲಗಿತು. ಈ ಸಲ 6ಕ್ಕೆ ಹೋದ ಸಾಲು: "ಮಳೆಯ ಮಾಹಿತಿ ಸಿಕ್ಕಿಲ್ಲ. ಔಷಧ ಕಲೆಸುವ ಮುಂಚೆ ನೀವೇ ನೋಡಿ." ದೊಡ್ಡಪ್ಪ ಫೋನ್ ಮಾಡಿ, ಕಿಟಕಿ ಇಟ್ಟೆಯಲ್ಲ ಅಂದರು.

ಇನ್ನೂ ಒಂದು ಬಾಕಿ ಇದೆ, ಸಲಹೆ ಇದ್ದರೆ ಹೇಳಿ. ಕರಾವಳಿಯ ಧಾರಣೆ ಕೆಜಿ ಲೆಕ್ಕದಲ್ಲಿ ಬರುತ್ತದೆ, ನಮ್ಮದು ಕ್ವಿಂಟಾಲ್ ಲೆಕ್ಕ. ಎರಡನ್ನೂ ಒಂದೇ ಏಜೆಂಟ್ ತರುತ್ತದೆ. ಅಳತೆಯನ್ನು ಪ್ರತಿ ಮೆಸೇಜ್‌ನಲ್ಲೂ ಬರೆಯಲಾ, ಪದಕೋಶದಲ್ಲೇ ಒಂದು ಅಳತೆ ಕಟ್ಟಿಬಿಡಲಾ?

ಸೊಸೈಟಿ_ನಿವೃತ್ತ:

ಪ್ರತಿ ಚೀಟಿಯಲ್ಲೂ ಬರೆಯಿರಿ.