ಹಳೆಯ ಹೆಬ್ಬಾಗಿಲು, ತುಕ್ಕು ಹಿಡಿದ ಸರಳು: ಎರಡಕ್ಕೂ ಒಂದೇ ಡಿಸ್ಕ್ ಸಾಕೇ?

ತೀರ್ಥಹಳ್ಳಿಯವ (ಪ್ರಶ್ನೆ): ಅಜ್ಜನ ಮನೆಯ ಹೊನ್ನೆ ಮರದ ಹೆಬ್ಬಾಗಿಲಿನ ಮೇಲೆ ಮೂರು ಪದರ ಎಣ್ಣೆ ಬಣ್ಣವಿದೆ. ಕಿಟಕಿಯ ಕಬ್ಬಿಣದ ಸರಳುಗಳಿಗೆ ತುಕ್ಕು. ಕೈಯಲ್ಲಿ ಹಿಡಿದು ಕಬ್ಬಿಣ ಉಜ್ಜುವ ನಾಲ್ಕು ಇಂಚಿನ ಗ್ರೈಂಡರಿಗೆ ಮರಳು ಕಾಗದದ ಡಿಸ್ಕ್ ಹಾಕಿದರೆ ಎರಡೂ ಕೆಲಸವಾಗುತ್ತದೆಯೇ? ಮಳೆಗಾಲಕ್ಕೆ ಮೊದಲು ಮುಗಿಸಬೇಕು. ಬಳಸಿದವರು ಅನುಭವ ಹೇಳಿ.

ಹೊಸನಗರದವ: ಬೇಡ ಮಾರಾಯರೇ. ಗ್ರೈಂಡರಿಗೆ 2,450, ರಬ್ಬರ್ ಪ್ಯಾಡಿಗೆ 180, 60ರ ಡಿಸ್ಕ್ (ಈ ಸಂಖ್ಯೆ ಹೆಚ್ಚಿದಷ್ಟೂ ಮರಳು ನಯ) ಹತ್ತಕ್ಕೆ 350 ಕೊಟ್ಟು ತಂದೆ. ಬೆಳಿಗ್ಗೆ ಗೇಟು ಉಜ್ಜಿದೆ, ಮಧ್ಯಾಹ್ನ ಅದೇ ಡಿಸ್ಕಿನಲ್ಲಿ ಬಾಗಿಲು. ನಮ್ಮದೂ ಹೊನ್ನೆಯೇ. ಸಂಜೆಗೆ ಬಾಗಿಲು ಹೊಸದರಂತೆ ಕಂಡು ಊರಿಗೆಲ್ಲ ಫೋಟೋ ಕಳಿಸಿದೆ. ಪಾಲಿಶ್ ಬಿದ್ದ ಕೂಡಲೇ ಅರ್ಧಚಂದ್ರದ ಗೀರುಗಳು ಎದ್ದು ಕಂಡವು. ಜೂನ್‌ನಲ್ಲಿ ಎರಚಲು ಹೊಡೆದ ಮೇಲೆ ಮೈತುಂಬ ಕಪ್ಪು ಚುಕ್ಕೆ. ಗೇಟಿನ ಕಬ್ಬಿಣದ ಪುಡಿ ಮರದೊಳಗೆ ಸೇರಿ, ಹೊನ್ನೆಯ ಒಗರಿನ ಜೊತೆ ಕೂಡಿ ಕಪ್ಪಾಗಿತ್ತು. ಬಾಗಿಲಿಗೆ ಸಿಡುಬು ಎದ್ದಿದೆ ಎಂದು ಮನೆಯವಳು ಇಂದಿಗೂ ಹೇಳುತ್ತಾಳೆ. ಆ ಕಲೆ ತೆಗೆಯುವ ಆಕ್ಸಾಲಿಕ್ ಆಮ್ಲಕ್ಕೆ 160, ಆಚಾರಿಗೆ ಮೂರು ದಿನ 1,200ರಂತೆ 3,600, ಮತ್ತೆ ಪಾಲಿಶಿಗೆ 1,400. ಒಟ್ಟು 8,140. ಆಚಾರಿಯ ಊಟ, ಕಾಫಿ ಲೆಕ್ಕಕ್ಕೆ ಹಿಡಿದಿಲ್ಲ.

ಸಾಗರದ ಗ್ರಿಲ್ ಕೆಲಸದವ: ಕೈ ಕೆಟ್ಟದ್ದಕ್ಕೆ ಯಂತ್ರವನ್ನು ಬೈಯುವುದು ಸುಲಭ. ಹದಿನೈದು ವರ್ಷದಿಂದ ಇದರಲ್ಲೇ ಅನ್ನ ತಿನ್ನುತ್ತಿದ್ದೇನೆ. ನಿಮಿಷಕ್ಕೆ 11,000 ಸುತ್ತು ತಿರುಗುವುದನ್ನು ಎದೆ ಭಾರ ಹಾಕಿ ಒತ್ತಿದರೆ ಗೀರು ಬೀಳದೆ ಇನ್ನೇನು ಬೀಳುತ್ತದೆ? ಯಂತ್ರದ ಭಾರಕ್ಕೇ ಬಿಡಬೇಕು, ತುಸು ಓರೆ ಹಿಡಿಯಬೇಕು, ನಿಂತಲ್ಲೇ ನಿಲ್ಲಿಸಬಾರದು. ಕಬ್ಬಿಣಕ್ಕೆ ನಾನು 80ರ ಫ್ಲಾಪ್ ಡಿಸ್ಕ್ (ಮರಳು ಕಾಗದದ ಎಸಳುಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಉಜ್ಜಿದ ದಿನವೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಬೇಕು. ನಮ್ಮ ಮಳೆಗಾಲದಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪು. ನನಗೂ ಒಮ್ಮೆ ಪೆಟ್ಟು ಬಿದ್ದಿದೆ, ಮುಚ್ಚುವುದಿಲ್ಲ: ಹೆಗಲ ಬೈರಾಸು ಡಿಸ್ಕಿಗೆ ಸುತ್ತಿಕೊಂಡು ಯಂತ್ರ ಗದ್ದಕ್ಕೆ ಹಾರಿತು. ಹನ್ನೊಂದು ಹೊಲಿಗೆ, ಆಸ್ಪತ್ರೆಗೆ 4,300, ಒಂಬತ್ತು ದಿನ ಕೆಲಸವಿಲ್ಲ. ಅದು ಬೈರಾಸಿನ ತಪ್ಪು, ಗ್ರೈಂಡರಿನದಲ್ಲ. ಅಂದ ಹಾಗೆ, ಹೊಸನಗರದವರ ಬಾಗಿಲು ಹೊನ್ನೆಯಲ್ಲ, ಮತ್ತಿ ಮರ ಇರಬೇಕು.

ಕೊಪ್ಪದ ಗೃಹಿಣಿ: ನಾನು ತಂದದ್ದು ಮರ ಉಜ್ಜುವ ಯಂತ್ರ, ಐದು ಇಂಚಿನ ಆರ್ಬಿಟಲ್ ಸ್ಯಾಂಡರ್, 5,200 ರೂಪಾಯಿ. ತಿರುಗುತ್ತಲೇ ಅತ್ತಿತ್ತ ಅಲುಗುವುದರಿಂದ ಸುತ್ತುಗೀರು ಅಷ್ಟಾಗಿ ಬೀಳುವುದಿಲ್ಲ. ಆದರೆ ಮೊದಲ ದಿನವೇ ಒಂದು ಕದಕ್ಕೆ ಇಪ್ಪತ್ತಮೂರು ಕಾಗದ ಹಾಳು! ಹಳೆಯ ಎಣ್ಣೆ ಬಣ್ಣ ಬಿಸಿಗೆ ಕರಗಿ, ಹಲಸಿನ ಮೇಣದಂತೆ ಕಾಗದಕ್ಕೆ ಮೆತ್ತಿಕೊಂಡಿತು. ಒಂದಕ್ಕೆ 22ರಂತೆ 506 ರೂಪಾಯಿ ಒಲೆಗೆ ಹಾಕಿದ ಹಾಗೆ. ಎರಡನೆಯ ಕದಕ್ಕೆ ಮೊದಲು ಬಣ್ಣ ಕೆರೆದು ತೆಗೆದೆ, ಆಮೇಲೆ 80, 120, 180. ಐದೇ ಕಾಗದ. ಯಾವ ಆಚಾರಿಯನ್ನೂ ಕರೆಯಲಿಲ್ಲ.

ಸಾಗರದ ಗ್ರಿಲ್ ಕೆಲಸದವ: ಅದು ಹೆಣ್ಣುಮಕ್ಕಳ ಆಟಿಕೆ. ಅದರಲ್ಲಿ ಗೇಟು ಉಜ್ಜಿ ತೋರಿಸಿ.

ಕೊಪ್ಪದ ಗೃಹಿಣಿ: ಗೇಟು ಉಜ್ಜುತ್ತೇನೆಂದು ನಾನು ಹೇಳಲೇ ಇಲ್ಲ. ನನ್ನ ಗದ್ದದಲ್ಲಿ ಹೊಲಿಗೆಯೂ ಇಲ್ಲ.

ಸೊರಬದ ನಿವೃತ್ತ ಮೇಷ್ಟರು: ಜಗಳದ ನಡುವೆ ದೂಳಿನ ಮಾತು ಯಾರೂ ಎತ್ತಲಿಲ್ಲ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ ಬಣ್ಣದಲ್ಲಿ ಏನಿದೆಯೋ! ಅದನ್ನು ಯಂತ್ರದಲ್ಲಿ ಪುಡಿ ಮಾಡಿ ಜಗಲಿಯಲ್ಲಿ ಹಾರಿಸುತ್ತೀರಾ, ಮಕ್ಕಳಿರುವ ಮನೆಯಲ್ಲಿ? ಮರದ ಹೊಟ್ಟಿನ ಪಕ್ಕ ಕಬ್ಬಿಣ ಉಜ್ಜಿದರೆ ಕಿಡಿ ಬಿದ್ದು ಒಳಗೊಳಗೇ ಹೊಗೆಯಾಡುತ್ತದೆ. ನಮ್ಮ ಕೊಟ್ಟಿಗೆಯ ಮೂಲೆ ಹೀಗೆಯೇ ಸುಟ್ಟಿತು, ರಾತ್ರಿ ಎಮ್ಮೆ ಕೂಗಿದ್ದರಿಂದ ಗೊತ್ತಾಯಿತು. ಅಂದಿನಿಂದ ನಾನು ಕೆರೆಯುವ ತಗಡು, ಕೀಸುಳಿ ಬಿಟ್ಟರೆ ಬೇರೆ ಮುಟ್ಟಿಲ್ಲ. ಒಂದು ಬಾಗಿಲಿಗೆ ಹತ್ತು ದಿನ ಹಿಡಿಯಲಿ, ನನಗೇನು ಅವಸರ?

ಹೊಸನಗರದವ: ಮತ್ತಿಯಂತೆ! ನಮ್ಮಜ್ಜ ಎದುರು ನಿಂತು ಕಡಿಸಿದ ಮರ ಸ್ವಾಮಿ. ಗ್ರಿಲ್ ಬೆಸೆಯುವವರಿಂದ ಮರದ ಜಾತಿ ಕೇಳುವ ಗತಿ ನಮಗೆ ಬಂದಿಲ್ಲ.

ಸಾಗರದ ಗ್ರಿಲ್ ಕೆಲಸದವ: ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರು ಕುಡಿಯುವುದನ್ನು ನೋಡಿದ್ದೀರಲ್ಲ? ಬಾಗಿಲಿನ ಒಂದು ಚಕ್ಕೆ ನೀರಿಗೆ ಹಾಕಿಡಿ. ಬಿಸಿಲಿಗೆ ಹಿಡಿದಾಗ ನೀಲಿ ಮಿಂಚಿದರೆ ಒಪ್ಪುತ್ತೇನೆ.

ತೀರ್ಥಹಳ್ಳಿಯವ: ನನ್ನ ಕಿಟಕಿಯ ಸರಳುಗಳು ದುಂಡಗಿವೆ, ಅದನ್ನು ಹೇಳಲು ಮರೆತಿದ್ದೆ. ಅವಕ್ಕೆ ಡಿಸ್ಕ್ ಆಗುತ್ತದೆಯೇ?

ಕೊಪ್ಪದ ಗೃಹಿಣಿ: ದುಂಡನೆಯ ಸರಳಿಗೆ ಡಿಸ್ಕ್ ಹಿಡಿದರೆ ಚಪ್ಪಟೆ ಕಲೆ ಬೀಳುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ. ಬಾಗಿಲಿಗೆ ಮೊದಲು ಕಿಟಕಿ ಮುಗಿಸಿ, ಪುಡಿ ಗುಡಿಸಿ. ಮರಕ್ಕೆ ಹೊಸ ಕಾಗದ.

ಹೊಸನಗರದವ: ನಿನ್ನೆ ಕದದ ಹಿಂಬದಿಯಿಂದ ಚಕ್ಕೆ ಎಬ್ಬಿಸಿ ಗಾಜಿನ ಲೋಟದಲ್ಲಿ ಹಾಕಿಟ್ಟಿದ್ದೆ. ಈಗ ಅಂಗಳದಲ್ಲಿ ಹಿಡಿದು ನೋಡಿದೆ. ನೀಲಿ ಮಿಂಚುತ್ತಿದೆ. ಏನು ಹೇಳುತ್ತೀರಿ?

ಸಾಗರದ ಗ್ರಿಲ್ ಕೆಲಸದವ: ಮರ ಹೊನ್ನೆ, ಒಪ್ಪಿದೆ. ಗೀರು ನಿಮ್ಮದೇ.